ಮಣಿಕಟ್ಟು ಹಿಡಿದು ನೆಲಕ್ಕೆ ಕಿವಿಗೊಡುವ ಕಿವಿಯಣ್ಣ

“ಗೋಡೆ ಬೀಳಿಸಿದವನ ಮಗ ನೀನು. ನಮಗೇ ಪೈಪಿನ ಪಾಠ ಹೇಳ್ತೀಯೇನಯ್ಯಾ?”

ಬೆಳಗಿನ ಐದೂಮುಕ್ಕಾಲು. ಖಾಲಿ ಕೊಡ, ಬಕೆಟ್ ಹಿಡಿದು ಇಳಿಜಾರಿನ ಬೀದಿಯಲ್ಲಿ ನಿಂತ ಮೂವತ್ತು ಜನರ ಎದುರಿಗೆ ನೀರು ಸರಬರಾಜಿನ ಇಂಜಿನಿಯರ್ ಈ ಮಾತು ಎಸೆಯುತ್ತಾನೆ. ಒಬ್ಬಿಬ್ಬರು ಕಿಸಕ್ಕನೆ ನಗುತ್ತಾರೆ. ಮಾತು ಎಸೆದವನಿಗೆ ಮೂವತ್ತು ದಾಟಿಲ್ಲ, ಬೈಗುಳ ತಿಂದವರಿಗೆ ಐವತ್ತೊಂದು. ಅವರು ಎಡಗೈಯ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳಿಟ್ಟು, ಡಾಕ್ಟರು ನಾಡಿ ನೋಡುವಂತೆ ನೋಡಿಕೊಂಡು, ಫುಟ್‌ಪಾತಿನ ಅಂಚಿನಲ್ಲಿ ಕೂತುಬಿಡುತ್ತಾರೆ.

ಇವರ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನನಗೋ ಮೈಯೆಲ್ಲ ಉರಿ. ಎದ್ದು ನಾಲ್ಕು ಮಾತಾಡಬಾರದೇ ಈ ಮನುಷ್ಯ?

“ಸ್ವಲ್ಪ ತಡೀರಿ,” ಅನ್ನುತ್ತಾರೆ ನನಗೆ ಮಾತ್ರ ಕೇಳುವಂತೆ. “ಈಗ ಕೋಲು ಹಿಡಿದ್ರೆ ನೀರು ಕೇಳ್ಸಲ್ಲ, ನನ್ನ ರಕ್ತಾನೇ ಕೇಳ್ಸುತ್ತೆ.”

ಇವರನ್ನು ಎಲ್ಲರೂ ಕಿವಿಯಣ್ಣ ಅನ್ನುತ್ತಾರೆ. ಹಾಜರಿ ಪುಸ್ತಕದಲ್ಲಿರುವ ಹೆಸರು ಕೇಳಿದರೆ ಹೆಂಡತಿಯೇ ಒಂದು ಗಳಿಗೆ ಯೋಚಿಸುತ್ತಾರಂತೆ. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಕೇಳಿ ಹೇಳುವುದು ಇವರ ಕೆಲಸ. ಐದಡಿ ಉದ್ದದ ಕಬ್ಬಿಣದ ಕೋಲಿನ ಒಂದು ತುದಿ ನೆಲಕ್ಕೆ ಅಥವಾ ವಾಲ್ವಿಗೆ, ಮರದ ಪುಟ್ಟ ಬಟ್ಟಲು ಕೂರಿಸಿದ ಇನ್ನೊಂದು ತುದಿ ಕಿವಿಗೆ. ಸೋರುವ ನೀರು ಒಂದೇ ಸಮನೆ ‘ಸೊಯ್’ ಅನ್ನುತ್ತದೆ. ವಾಹನ ಓಡಾಡಲು ಶುರುವಾದರೆ ಆ ಸದ್ದು ಸತ್ತಂತೆ. ಹಾಗಾಗಿ ದಿನವೂ ನಾಲ್ಕಕ್ಕೆ ಹೊರಡುತ್ತಾರೆ: ಒಂಬತ್ತು ಕಿಲೋಮೀಟರ್ ನಡಿಗೆ, ಅರವತ್ತನಾಲ್ಕು ವಾಲ್ವು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಇಪ್ಪತ್ತಾರು ವರ್ಷದಿಂದಲೂ ‘ತಾತ್ಕಾಲಿಕ’. ತಾತ್ಕಾಲಿಕವಂತೆ! ಆ ಪದ ಬರೆದ ಕೈ ಯಾವುದೋ, ನೋಡಬೇಕೆನಿಸುತ್ತದೆ.

ಈಗ ಮೂರು ದಿನದಿಂದ ಮೇಲಿನ ಬೀದಿಗೆ ಹನಿ ನೀರಿಲ್ಲ. ಇಲಾಖೆ ಹೊಸದಾಗಿ ತಂದ ಯಂತ್ರ ತೋರಿಸಿದ ಕಡೆ ನಿನ್ನೆ ಏಳಡಿ ಅಗೆದಿದ್ದಾರೆ. ಗುಂಡಿ ಒಣಕಲು. ಅದರೊಳಗೆ ಒಂದು ನಾಯಿ ಹಾಯಾಗಿ ಮಲಗಿದೆ. “ಸಾರ್, ಅಲ್ಲಲ್ಲ, ಕೆಳಗೆ ಶಿಶುವಿಹಾರದ ಕಡೆ ನೋಡೋಣ” ಎಂದದ್ದೇ ಕಿವಿಯಣ್ಣನ ತಪ್ಪು. ಅದಕ್ಕೇ ಈ ಬೈಗುಳ. ಆದರೆ ಅವರ ಚಿಂತೆ ಬೇರೆ. “ಸೋರಿದ ನೀರು ನೆಲದ ಮೇಲೆ ಬರ್ತಿಲ್ಲ ಅಂದ್ರೆ ಒಳಗೊಳಗೇ ಮಣ್ಣು ತಿಂತಿದೆ ಅಂತ. ಎಂಟೂವರೆಗೆ ಮಕ್ಕಳು ಬಂದು ಶಿಶುವಿಹಾರದ ಗೋಡೆಗೇ ಒರಗಿ ಸಾಲು ನಿಲ್ತಾರೆ. ಅಷ್ಟರೊಳಗೆ ಹುಡುಕ್ಬೇಕು.”

ಗೋಡೆ ಬೀಳಿಸಿದವನ ಮಗ ಎಂಬ ಮಾತು ಸುಳ್ಳಲ್ಲ. ಅವರೇ ಹೇಳುತ್ತಾರೆ, ಮುಚ್ಚುಮರೆ ಇಲ್ಲದೆ. ಅಪ್ಪನದೂ ಇದೇ ಕೆಲಸ, ಇದೇ ಕೋಲು. ಇವರಿಗೆ ಹನ್ನೆರಡು ವರ್ಷವಾಗಿದ್ದಾಗ ಒಂದು ಬೆಳಗ್ಗೆ ಅಪ್ಪ ಮೇಸ್ತ್ರಿಯೊಡನೆ ಜಗಳವಾಡಿ, ಬುಸುಗುಡುತ್ತಲೇ ಬಂದು ಕೋಲಿಗೆ ಕಿವಿಯಿಟ್ಟರು. ಕಿವಿಯೊಳಗೆ ಏನೋ ಬಡಿದುಕೊಳ್ಳುತ್ತಿತ್ತು. ‘ಗೊತ್ತಾಗ್ತಿಲ್ಲ’ ಎನ್ನಲು ಆ ಮೇಸ್ತ್ರಿಯ ಮುಂದೆ ನಾಲಿಗೆ ಏಳಲಿಲ್ಲ. ‘ಇಲ್ಲೇ’ ಎಂದು ತೋರಿಸಿಬಿಟ್ಟರು. ಸೋರಿಕೆ ಇದ್ದದ್ದು ಐದು ಹೆಜ್ಜೆ ಆಚೆ. ಸಂಜೆ ಒಬ್ಬ ದರ್ಜಿಯ ಅಂಗಡಿಯ ಗೋಡೆ ಕುಸಿದು ಅವನ ಕಾಲು ಮುರಿಯಿತು.

“ಅಪ್ಪ ತಪ್ಪಿಸ್ಕೊಂಡು ಓಡ್ಲಿಲ್ಲ. ದರ್ಜಿ ಎದ್ದು ಓಡಾಡೋವರೆಗೂ ದಿನಾ ಸಂಜೆ ಅವರ ಮನೆಗೆ ನೀರು ಹೊತ್ತ. ನನ್ನನ್ನೂ ಕರ್ಕೊಂಡು ಹೋಗ್ತಿದ್ದ. ಆ ದರ್ಜಿ ಹೆಂಡತಿ ಬಾಗಿಲಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬಯ್ಯೋರು. ಅಪ್ಪ ಕೊಡ ಇಳಿಸಿ, ಇನ್ನೊಂದು ಕೊಡ ತರೋಕೆ ಹೋಗ್ತಿದ್ದ. ದಾರೀಲಿ ಹೇಳಿದ: ಮಗಾ, ಅವತ್ತು ನಾನು ನೀರನ್ನ ಕೇಳ್ಲಿಲ್ಲ, ನನ್ನ ಸಿಟ್ಟನ್ನ ಕೇಳಿದೆ. ಕೋಲು ಮುಟ್ಟೋಕೆ ಮುಂಚೆ ನಾಡಿ ನೋಡ್ಕೋ. ಗೊತ್ತಾಗ್ದಿದ್ರೆ ಗೊತ್ತಾಗ್ಲಿಲ್ಲ ಅನ್ನು, ಯಾರ ಮುಂದೆ ಆದ್ರೂ.”

ಅಪ್ಪ ಈಗಿಲ್ಲ. ಅವ್ವ ಇದ್ದಾರೆ, ಎಪ್ಪತ್ತೆಂಟು. ಮೊನ್ನೆ ಅವರ ಎರಡು ಕೋಣೆಯ ಮನೆಯಲ್ಲಿ ಕಂಡೆ. ಮೂವತ್ತು ವರ್ಷ ಆಸ್ಪತ್ರೆಯ ಚಾದರ ಒಗೆದ ಕೈ; ಬೆರಳುಗಳು ಇನ್ನೂ ಪೂರ್ತಿ ನೆಟ್ಟಗಾಗುವುದಿಲ್ಲ. “ಅಪ್ಪನ್ನ ಬಯ್ದ್ರು ಅಂತ ಇವನು ಶಾಲೇಲಿ ದಿನಾ ಹೊಡೆದಾಡ್ಕೊಂಡು ಬರೋನು. ನಾನು ಹೊಡೀತಿರ್ಲಿಲ್ಲ. ಒಂದು ಒದ್ದೆ ಚಾದರ ಕೈಗೆ ಕೊಟ್ಟು, ಮೊದ್ಲು ಇದನ್ನ ಹಿಂಡು, ಕೊನೇ ಹನಿ ಬಿದ್ಮೇಲೆ ಹೋಗಿ ಅವನಿಗೆ ಉತ್ತರ ಕೊಡು ಅಂತಿದ್ದೆ. ಹಿಂಡಿ ಹಿಂಡಿ ಕೈ ಸೋತು ಅಲ್ಲೇ ಮಲಗಿಬಿಡೋನು!” ಎಂದು ಬೊಚ್ಚುಬಾಯಿ ಬಿಟ್ಟು ನಕ್ಕರು. “ಈಗ್ಲೂ ಹಿಂಡ್ತಾನೆ. ನಿಮ್ಮ ಮನೆ ಬಟ್ಟೆ ಅಷ್ಟು ಬೇಗ ಹೆಂಗೆ ಒಣಗುತ್ತೆ ಅಂತ ಪಕ್ಕದ ಮನೆಯವರು ಕೇಳ್ತಾರೆ.”

ಆರೂ ಇಪ್ಪತ್ತಕ್ಕೆ ಕಿವಿಯಣ್ಣ ಏಳುತ್ತಾರೆ. ನಾಡಿ ಇಳಿದಿದೆ. ಶಿಶುವಿಹಾರದ ಗೇಟಿನ ಬಳಿ ಕೋಲೂರಿ, ಕಣ್ಣು ಮುಚ್ಚಿ, ಉಸಿರು ಹಿಡಿಯುತ್ತಾರೆ.

“ಸಿಕ್ತಾ?” ಇಂಜಿನಿಯರ್ ಕೂಗುತ್ತಾನೆ.

“ಇಲ್ಲಿ ಗೊತ್ತಾಗ್ತಿಲ್ಲ ಸಾರ್.”

“ನೋಡಿದ್ರಾ? ಗೊತ್ತಾಗ್ತಿಲ್ವಂತೆ!” ಮತ್ತೆ ನಗು.

ಎರಡು ಹೆಜ್ಜೆ ಸರಿದು ಮತ್ತೆ ಕೋಲು. ಮತ್ತೆ ಎರಡು. ಹಿಂದಕ್ಕೆ ಒಂದು. ಏಳಕ್ಕೆ ಹತ್ತು ನಿಮಿಷವಿರುವಾಗ, ಗೋಡೆಯ ಬುಡದಿಂದ ಮೊಳದಷ್ಟು ದೂರದಲ್ಲಿ, ಕಿವಿಯಣ್ಣ ಜೇಬಿನಿಂದ ಸುಣ್ಣದ ಕಡ್ಡಿ ತೆಗೆದು ಒಂದು ಸೊನ್ನೆ ಬರೆಯುತ್ತಾರೆ. “ಇಲ್ಲಿ.”

ಯಂತ್ರ ಅಲ್ಲೇನೂ ಇಲ್ಲ ಅನ್ನುತ್ತಿದೆ, ಅಗೆಯುವುದು ಬೇಡ ಎಂದು ಇಂಜಿನಿಯರ್. ಅಗೆಯುವವರಿಬ್ಬರು ಮುಖ ಮುಖ ನೋಡಿಕೊಳ್ಳುತ್ತಾರೆ. ಸಾಲಿನಲ್ಲಿದ್ದ ಒಬ್ಬ ಹೆಂಗಸು ಕೊಡವನ್ನು ಟಣ್ಣನೆ ಕೆಳಗಿಟ್ಟು, “ಸಾಹೇಬ್ರೇ, ನಿಮ್ಮ ಗುಂಡೀಲಿ ನಾಯಿ ಸಿಕ್ತು. ಇವರ ಗುಂಡೀಲಿ ಏನು ಸಿಗುತ್ತೋ ಅದನ್ನೂ ನೋಡೋಣ ಬಿಡಿ” ಅನ್ನುತ್ತಾರೆ. ಈಗ ಬೀದಿಯೆಲ್ಲ ಗೊಳ್ಳೆಂದು ನಗುತ್ತದೆ. ಕಿವಿಯಣ್ಣ ನಗುವುದಿಲ್ಲ. ಯಾರ ಅಪ್ಪಣೆಗೂ ಕಾಯದೆ ಹಾರೆ ಎತ್ತಿ ಮೊದಲ ಏಟು ತಾವೇ ಹಾಕುತ್ತಾರೆ.

ಎರಡಡಿಗೆ ಮಣ್ಣು ತಂಪು. ಮೂರಡಿಗೆ ಕೆಸರು. ಮೂರೂವರೆಗೆ ಹಾರೆ ಗಾಳಿಗೆ ಬಿದ್ದಂತೆ ಒಳಕ್ಕೆ ಜಾರುತ್ತದೆ: ಕೆಳಗೆ ಮಣ್ಣೇ ಇಲ್ಲ. ಟಾರ್ಚು ಬಿಟ್ಟು ನೋಡಿದರೆ ಗೋಡೆಯಡಿಗೆ ಒಬ್ಬ ಮನುಷ್ಯ ತೆವಳಿಕೊಂಡು ಹೋಗುವಷ್ಟು ದೊಡ್ಡ ಪೊಳ್ಳು. ಒಡೆದ ಪೈಪಿನಿಂದ ನೀರು ಒಂದೇ ಸಮ ‘ಸೊಯ್’ ಅನ್ನುತ್ತಿದೆ. ಈಗ ಅದು ಎಲ್ಲರ ಕಿವಿಗೂ ಕೇಳುತ್ತದೆ.

ವಾಲ್ವು ಮುಚ್ಚುತ್ತಾರೆ. ಗೋಡೆಗೆ ಆಸರೆಯ ಮರ ಕೊಟ್ಟು, ಸುತ್ತ ಹಗ್ಗ ಕಟ್ಟುತ್ತಾರೆ. ಎಂಟೂವರೆಗೆ ಬಂದ ಮಕ್ಕಳನ್ನು ಟೀಚರಮ್ಮ ಹಿಂದಿನ ಬಾಗಿಲಿನಿಂದ ಒಳಗೆ ಕರೆದೊಯ್ಯುತ್ತಾರೆ. ಕೆಸರು ಮೆತ್ತಿದ ಕೈ ತೊಳೆಯುತ್ತಿದ್ದ ಕಿವಿಯಣ್ಣನನ್ನು ಕೇಳುತ್ತೇನೆ: ಆಸೆ ಏನಣ್ಣ?

“ಕಿವಿ ಇನ್ನೊಂದು ಹತ್ತು ವರ್ಷ ಚೆನ್ನಾಗಿದ್ರೆ ಸಾಕಪ್ಪ. ಅಷ್ಟರಲ್ಲಿ ಮಗಳಿಗೆ ಕೋಲು ಒಗ್ಗುತ್ತೆ. ನಾಡಿ ನೋಡ್ಕೊಳ್ಳೋದು ಆಗ್ಲೇ ಕಲಿತಿದಾಳೆ. ಅವರಮ್ಮನ ಜೊತೆ ಜಗಳ ಆದಾಗೆಲ್ಲ ಅಭ್ಯಾಸ ಮಾಡ್ತಾಳೆ.”

ಇಂಜಿನಿಯರ್ ಪ್ಯಾಂಟಿನ ಮಣ್ಣು ಕೊಡವಿಕೊಳ್ಳುತ್ತಾ ಬರುತ್ತಾನೆ. ಒಂದು ಒಳ್ಳೆಯ ಮಾತು ಬರುತ್ತದೆಂದು ನಾನೂ ನಂಬಿದೆ, ದಡ್ಡ.

“ಏನೋ, ಅದೃಷ್ಟ ಕೈಹಿಡೀತು ಬಿಡು. ಮೆರೀಬೇಡ. ಅಪ್ಪನ ಹಾಗೆ ನೀನೂ ಒಂದಿನ ಗೋಡೆ ಬೀಳಿಸ್ತೀಯ.” ಬೀದಿಗೆಲ್ಲ ಕೇಳುವ ದನಿ. “ಯಾಕೆ, ಬಾಯಿಲ್ವಾ?”

ಯಾರೂ ನಗುವುದಿಲ್ಲ. ಮೂವತ್ತು ಜೊತೆ ಕಣ್ಣು ಕಿವಿಯಣ್ಣನ ಮೇಲೆ. ಅವರು ಎರಡು ಬೆರಳನ್ನು ಮಣಿಕಟ್ಟಿಗೆ ಒತ್ತುತ್ತಾರೆ. ಈ ಸಲ ಕೂರುವುದಿಲ್ಲ. ಅಂಗಿಯ ಚುಂಗಿನಿಂದ ಮರದ ಬಟ್ಟಲು ಒರೆಸಿ, ಕೋಲನ್ನು ಹೆಗಲಿಗೇರಿಸುತ್ತಾರೆ. ಏರಿನ ಮೇಲೆ ವಾಹನದ ಸದ್ದು ಕಡಿಮೆ, ಅಲ್ಲಿ ಇನ್ನೂ ಹತ್ತೊಂಬತ್ತು ವಾಲ್ವು ಉಳಿದಿವೆ. ಇಂಜಿನಿಯರನ ಪಕ್ಕದಿಂದಲೇ ಹಾದು, ಮೇಲಿನ ಬೀದಿಯ ಏರು ಹತ್ತುತ್ತಾರೆ.