ಅಜ್ಜಿಯ ಬೆರಳು

ಬೆರಳಚ್ಚಿನ ಮಷಿನ್ ಹಿಡಿದು, ಜನರ ರೇಷನ್ ಕಾರ್ಡಿನ ಕೆವೈಸಿ ಮಾಡಲು ವಿಠ್ಠಲವಾಡಿಯ ಚಾಳಿನ ಸಾಲುಮನೆಗಳಿಗೆ ಹೋಗಿದ್ದೆ. ಕಲಬುರಗಿ ಕಡೆಯ ಅಜ್ಜಿಯೊಬ್ಬರ ಬೆರಳನ್ನು ಎಷ್ಟು ಸಲ ಒತ್ತಿಸಿದರೂ ಮಷಿನ್ ಒಪ್ಪಲಿಲ್ಲ. ತುದಿಗಳೆಲ್ಲ ನುಣ್ಣಗಿದ್ದವು.

"ಕೂಲಿ ಮಾಡಿ ಸವೆದವಾ ಅಜ್ಜಿ?" ಎಂದೆ.

"ಇಲ್ಲೋ ಯಪ್ಪಾ, ಸುಟ್ಟಾವ. ನಿಜಾಮನ ಕಾಲದಾಗ ನಮ್ಮಪ್ಪ ಹೋರಾಟದವರ ಹೆಸರು ಬರೆದ ಚೀಟಿ ಇಟ್ಟಿದ್ದ. ರಜಾಕಾರರು ಬಾಗಿಲಿಗೆ ಬಂದಾಗ ಅದನ್ನ ಒಲಿಗೆ ಹಾಕಿದೆ. ಲಗೂನ ಸುಡಲಿಲ್ಲ. ಕೈಲೇ ಕೆಂಡದಾಗ ಒತ್ತಿ ಹಿಡದೆ."

"ಆಗ ವಯಸ್ಸೆಷ್ಟು?"

"ಒಂಬತ್ತೋ ಹತ್ತೋ."

ಆಮೇಲೆ ಅವರ ಕಣ್ಣು ಸ್ಕ್ಯಾನ್ ಮಾಡಿ ಕೆಲಸ ಮುಗಿಸಿದೆ. ಹೊರಡುವಾಗ, ಸರ್ಕಾರದ ಹೋರಾಟಗಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯಾ ಎಂದು ಕೇಳಿದೆ.

"ದಾಖಲೆ ತಗೊಂಡು ಬಾ ಅಂದ್ರು," ಎಂದು ಅಜ್ಜಿ ನಕ್ಕರು. "ದಾಖಲೆ ಸುಟ್ಟಾಕಿನೇ ನಾ."