ಜನರೇಟರ್ ಕಡೆಯ ಸಾಕಮ್ಮ

ಸಾಕಮ್ಮ ಕರೆಯದ ಮದುವೆಗಳಿಗೆಲ್ಲ ಹೋಗಿ ಉಂಡು ಬರುವ ಹೆಂಗಸು ಎಂದು ನಾನು ಬಹಳ ಕಾಲ ನಂಬಿದ್ದೆ. ನಂಜನಗೂಡಿನ ಚಿಕ್ಕಬಸಪ್ಪನವರ ಕಲ್ಯಾಣ ಮಂಟಪದಲ್ಲಿ ಯಾರ ಮದುವೆಯಾದರೂ ಸರಿ, ಪಾತ್ರೆ ಕೋಣೆಯ ಬಾಗಿಲಲ್ಲಿ ಆಕೆ ಕಾಣುತ್ತಿದ್ದರು. ನಾನೋ, ಕರೆದ ಮದುವೆಗೆ ಮಾತ್ರ ಹೋಗಿ ಮೂರು ಸಲ ಪಾಯಸ ಬಡಿಸಿಕೊಳ್ಳುವ ಮರ್ಯಾದಸ್ಥ.

ಆಕೆ ಊಟಕ್ಕೆ ಬರುತ್ತಿರಲಿಲ್ಲ, ಕರೆಂಟಿಗೆ ಬರುತ್ತಿದ್ದರು. ಹುಟ್ಟೂರು ಸೋಸಲೆ, ವಾಸ ನಂಜನಗೂಡು, ಕೆಲಸ ತಿ. ನರಸೀಪುರದ ಒಂದು ಕಾಲೇಜಿನಲ್ಲಿ ಪಾರ್ಟ್‌ಟೈಮ್ ಭೌತಶಾಸ್ತ್ರ ಪಾಠ. ಪಿಎಚ್.ಡಿ. ಮಾಡುತ್ತಿದ್ದುದು ಭಾರೀ ಗ್ಯಾಲಕ್ಸಿಗಳ ಒಳಗೂ ಸುತ್ತಲೂ ಇರುವ ಅನಿಲದ ಮೇಲೆ. ಅಂಥ ಗ್ಯಾಲಕ್ಸಿಯ ಸುತ್ತ ಕೋಟಿ ಡಿಗ್ರಿ ಬಿಸಿಯ ಅನಿಲ ಕವಿದಿರುತ್ತದಂತೆ. ಒಲೆಯಿಂದ ಇಳಿಸಿದ ಸಾರಿನಂತೆ ಅದು ಆರಬೇಕು. ಮೊದಲು ಬೆಚ್ಚಗೆ, ಆಮೇಲೆ ತಣ್ಣಗೆ, ಕೊನೆಗೆ ಒಳಕ್ಕೆ ಬೀಳಬೇಕು. ಹಾಗೆ ಬಿದ್ದ ತಣ್ಣನೆಯ ಅನಿಲ ಅಲ್ಲೇ ರಾಶಿ ಬಿದ್ದಿದೆ ಎಂಬುದು ಮೈಸೂರಿನ ಗೈಡ್ ಪ್ರೊಫೆಸರರ ಸಿದ್ಧಾಂತ. ಅದನ್ನು ಅವರು ಎಷ್ಟು ಸೆಮಿನಾರುಗಳಲ್ಲಿ ಹೇಳಿದ್ದರೆಂದರೆ, ಇನ್ನು ಇಲ್ಲದಿರುವ ಧೈರ್ಯ ಅನಿಲಕ್ಕೆ ಬರಲಾರದು ಎಂದು ಅವರ ಭರವಸೆ.

ಪುಣೆ ಕಡೆಯ ರೇಡಿಯೋ ದೂರದರ್ಶಕ ಹಿಡಿದ ಅಂಕಿಗಳು ಸಿ.ಡಿ.ಯಲ್ಲಿ ಬಂದಿದ್ದವು. ಅವುಗಳಿಂದ ಚಿತ್ರ ಮೂಡಿಸಲು ಕಂಪ್ಯೂಟರ್ ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ಓಡಬೇಕು. ನಡುವೆ ನಿಂತರೆ ಮತ್ತೆ ಮೊದಲಿಂದ. ವಿಭಾಗದ ಕಂಪ್ಯೂಟರಿಗೆ ಧೂಳು ಕೂರಬಾರದೆಂದು ಪ್ರೊಫೆಸರರು ಅದರ ಮುಂದೆ ಯಾರನ್ನೂ ಕೂರಿಸುತ್ತಿರಲಿಲ್ಲ. ಸಾಕಮ್ಮನ ಮನೆಯಲ್ಲಿ ದಿನಾ ಲೋಡ್ ಶೆಡ್ಡಿಂಗ್. ಆಕೆಯ ಯುಪಿಎಸ್ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಪ್ರಾಣ ಬಿಡುತ್ತಿತ್ತು. ಊರಲ್ಲಿ ಕರೆಂಟು ಹೋದ ಕೂಡಲೇ ಜನರೇಟರ್ ಗುಡುಗುವುದು ಮದುವೆ ಮನೆಯಲ್ಲಿ ಮಾತ್ರ. ಹಾಗಾಗಿ ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ಆಕೆ ಮುಹೂರ್ತಗಳ ಹಿಂದೆ ಬಿದ್ದರು. "ನಮ್ ಚೌಟ್ರಿಲಿ ಆಕಾಶದ್ ರೀಸರ್ಚ್ ನಡೀತದೆ," ಎಂದು ಚಿಕ್ಕಬಸಪ್ಪ ಶಾಮಿಯಾನದವನಿಗೂ ಹೇಳಿಕೊಂಡು ತಿರುಗಿದರು.

ಎರಡು ಸಾವಿರದ ಒಂದರ ಜೂನ್ ಕೊನೆಗೆ ಆಕೆಯ ನೋಂದಣಿ ಮುಗಿಯುತ್ತಿತ್ತು. ಪ್ರಬಂಧ ಕೊಡದಿದ್ದರೆ ಪಿಎಚ್.ಡಿ. ಇಲ್ಲ, ಪಿಎಚ್.ಡಿ. ಇಲ್ಲದಿದ್ದರೆ ಬರುವ ವರ್ಷ ಕಾಲೇಜೂ ಇಲ್ಲ. ಮಾಡಿದ ಚಿತ್ರಗಳೆಲ್ಲ ಖಾಲಿ, ಯಾವುದರಲ್ಲೂ ತಣ್ಣನೆಯ ಅನಿಲದ ಸುಳಿವಿಲ್ಲ. ಉಳಿದಿದ್ದು ಒಂದೇ ಗ್ಯಾಲಕ್ಸಿ. ಅಷ್ಟರಲ್ಲಿ ಆಷಾಢ ಬಾಗಿಲಿಗೆ ಬಂದಿತ್ತು. ಆಷಾಢದಲ್ಲಿ ಮದುವೆಯಿಲ್ಲ; ಮದುವೆಯಿಲ್ಲದೆ ಜನರೇಟರಿಲ್ಲ.

ಕೊನೆಯ ಮುಹೂರ್ತದ ಬೆಳಿಗ್ಗೆ ಕರೆಂಟು ಇರಲಿಲ್ಲ, ಜನರೇಟರ್ ಓಡುತ್ತಿತ್ತು. ಚಿತ್ರಕ್ಕೆ ಇನ್ನೇನು ಒಂದು ಗಂಟೆ ಬೇಕು ಅನ್ನುವಾಗ ಮಂಟಪದಲ್ಲಿ ಗದ್ದಲ ಎದ್ದಿತು. ಗಂಡಿನ ಸೋದರಮಾವ, ತಗಡೂರಿನ ದೊಡ್ಡಸಿದ್ದಯ್ಯನವರಿಗೆ ಕಾಫಿ ಪ್ಲಾಸ್ಟಿಕ್ ಲೋಟದಲ್ಲಿ ಬಂದಿತ್ತು.

"ನನ್ಗೆ ಪಿಲಾಸ್ಟಿಕ್ಕಾ? ಏಳ್ಲಾ ಮ್ಯಾಕೆ," ಎಂದು ಅವರು ಅಳಿಯನನ್ನು ಹಸೆಮಣೆಯಿಂದ ಎಬ್ಬಿಸಿದರು. ಹೆಣ್ಣಿನ ತಂದೆಯೂ ಬಿಗಿದುಕೊಂಡ.

ಚಿಕ್ಕಬಸಪ್ಪ ಜನರೇಟರಿನವನನ್ನು ಕೂಗಿದರು. "ಮದ್ವೇನೆ ನಿಂತೋಯ್ತು, ಡೀಸೆಲ್ ಯಾಕ್ಲಾ ಸುಡ್ತೀಯ? ಆಫ್ ಮಾಡು."

"ಅಣ್ಣ, ಕಾಲಿಗ್ ಬೀಳ್ತೀನಿ, ಸ್ವಲ್ಪ ತಡೀರಿ," ಎಂದರು ಸಾಕಮ್ಮ. ಅಡುಗೆಯವರಿಂದ ಸ್ಟೀಲ್ ಲೋಟದಲ್ಲಿ ಕಾಫಿ ಕಸಿದುಕೊಂಡು ದೊಡ್ಡಸಿದ್ದಯ್ಯನವರ ಮುಂದೆ ಹೋಗಿ ನಿಂತರು. "ತಪ್ಪಾಯ್ತು ಸಾ. ತಗೊಳ್ಳಿ."

"ನೀವ್ಯಾರವ್ವ? ಎಣ್ಣಿನ್ ಕಡೆಯೋರಾ?"

"ಜನರೇಟರ್ ಕಡೆಯೋಳು ಸಾ."

ಅವರು ಕಣ್ಣು ಕಣ್ಣು ಬಿಟ್ಟರು. ಸಾಕಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಆರುವ ಸಾರು, ಗೈಡು, ಆಷಾಢ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಕೊನೆಕೊನೆಗೆ ಅತ್ತೇಬಿಟ್ಟರು. ಬೀಗರ ಮುಂದೆ ಅಳುವುದು ಹೆಣ್ಣಿನ ತಾಯಿಯ ಪಾಲಿನ ಕೆಲಸ; ಅದನ್ನೂ ಆಕೆಯೇ ಮಾಡಿದಂತಾಯಿತು.

ದೊಡ್ಡಸಿದ್ದಯ್ಯ ಕಾಫಿ ಗುಟುಕರಿಸಿ ಸುತ್ತಲೂ ನೋಡಿದರು. "ಅಂದ್ರೆ ನಾನ್ ಒಪ್ಕೊಂಡ್ರೆ ಆಕಾಸದ್ ಕೆಲ್ಸ ಆಯ್ತದೆ ಅನ್ನಿ." ಬೀಗರಿಗೆ ಸೋಲದವರು ಬ್ರಹ್ಮಾಂಡಕ್ಕೆ ಸೋತರು. ತಾಳಿ ಕಟ್ಟಿಸಿದರು. ಜನರೇಟರ್ ಓಡಿತು.

ಚಿತ್ರ ಬಂತು. ನೆಲದ ಮೇಲೆ ರಾಗಿಹಿಟ್ಟು ಚೆಲ್ಲಿದ ಹಾಗೆ ಬರೀ ಚುಕ್ಕಿ. ಸಾಕಮ್ಮ ಹೊಳಪು ಏರಿಸಿ ನೋಡಿದರು, ಇಳಿಸಿ ನೋಡಿದರು, ಸೆರಗಿನಿಂದ ಪರದೆ ಒರೆಸಿ ನೋಡಿದರು. ತಣ್ಣನೆಯ ಅನಿಲ ಇರಲಿಲ್ಲ.

ಆಫೀಸು ಕೋಣೆಯಿಂದ ಗೈಡಿಗೆ ಫೋನ್ ಮಾಡಿದರು. "ಇರಲೇಬೇಕು. ಇನ್ನೊಂದು ಸಲ ಓಡಿಸಿ," ಎಂದರು ಅವರು.

"ಇನ್ನು ಮದುವೆ ಇಲ್ಲ ಸಾರ್."

"ಖಾಲಿ ಚಿತ್ರಕ್ಕೆಲ್ಲ ನಾನು ಸಹಿ ಹಾಕಲ್ಲಮ್ಮ." ಫೋನ್ ಇಟ್ಟರು.

ಸಾಕಮ್ಮ ಪಾತ್ರೆ ಕೋಣೆಗೆ ಬಂದು, ಬೋರಲು ಹಾಕಿದ ಕೊಳಗದ ಮೇಲೆ ಕೂತರು. ಹೊರಗೆ ಎರಡನೇ ಪಂಕ್ತಿ ನಡೆಯುತ್ತಿತ್ತು. ಯಾರೋ ಊಟಕ್ಕೆ ಕರೆದರು, ಕೇಳಿಸಲಿಲ್ಲ. ಮಾನಿಟರಿನ ವೈರು ಸುತ್ತಿದರು, ಬಿಚ್ಚಿಕೊಂಡಿತು; ಮತ್ತೆ ಸುತ್ತಿದರು.

ಎಲೆಅಡಿಕೆ ಜಗಿಯುತ್ತಾ ದೊಡ್ಡಸಿದ್ದಯ್ಯ ಬಾಗಿಲಲ್ಲಿ ಬಂದು ನಿಂತರು. ತಾವು ನಡೆಸಿಕೊಟ್ಟ ಕೆಲಸದ ಫಲ ನೋಡುವ ಉತ್ಸಾಹ.

"ಸಿಕ್ತಾ ಅವ್ವ?"

"ಇಲ್ಲ ಸಾ. ಗೈಡು ಸಹಿ ಹಾಕಲ್ಲ ಅಂದ್ರು. ಮುಗೀತು."

ಅವರು ಎಲೆಅಡಿಕೆಯನ್ನು ದವಡೆಗೆ ಸರಿಸಿದರು. "ಅದ್ಯಾಕೆ ಅಷ್ಟ್ ಸಂಕ್ಟ? ಅದೆ ಅಂತ್ಲೇ ಬರ್ದಾಕ್ಬುಡಿ. ಅಷ್ಟ್ ದೂರ ಓಗಿ ಯಾರ್ ನೋಡಾರು?"

ಸಾಕಮ್ಮ ತಲೆ ಎತ್ತಲಿಲ್ಲ.

"ನಾನ್ ನೋಡಿದೀನಿ," ಎಂದರು.