ಮಗ್ದಲೇನಾಳ ಎಡಗಣ್ಣಿನ ರೆಪ್ಪೆ

ಈಸ್ಟರ್ ಮುಂಚಿನ ಪವಿತ್ರ ವಾರಕ್ಕೆ ಹನ್ನೊಂದು ದಿನ ಇರುವಾಗ, ವಿಗ್ರಹ ಕೆತ್ತುವ ಹಿರಿಯ ಮಾಂಗ್ ಕಾಸ್ಯಾನೊ ಅವರ ಎಡ ಹೆಬ್ಬೆರಳಿನಿಂದ ರಕ್ತ ಬಂತು. ಅದು ಅವರಿಗೆ ತಿಳಿದದ್ದು ಮರದ ಮೇಲೆ ಕೆಂಪು ಕಂಡಾಗ. ನೋವು ಆಮೇಲೂ ಬರಲಿಲ್ಲ.

ಪುಣ್ಯಕ್ಕೆ ಅದು ಅಭ್ಯಾಸದ ತುಂಡು. ಫಿಲಿಪೀನ್ಸಿನ ನಮ್ಮ ಪಾಯೆತೆ ಊರಿನಲ್ಲಿ ಸಂತರ ವಿಗ್ರಹಕ್ಕೆ ಗಾಜಿನ ಕಣ್ಣು ಇಡುವಾಗ ಮುಖವನ್ನು ತಲೆಯಿಂದ ಮುಖವಾಡದ ಹಾಗೆ ಬಿಡಿಸಿ, ಗುಳಿಯನ್ನು ಹಿಂದಿನಿಂದ ಕೊರೆದು, ಗಾಜು ಕೂರಿಸಿ ಮತ್ತೆ ಅಂಟಿಸುತ್ತಾರೆ. ರೆಪ್ಪೆ ಕಾಗದದಷ್ಟು ತೆಳುವಾದರೇ ನೋಟಕ್ಕೆ ಜೀವ. ಹಳೆಯ ಮರಕ್ಕೆ ಉಳಿ ಹಾಕಿದರೆ ರೆಪ್ಪೆ ಎಳೆಗುಂಟ ಸೀಳಿಹೋಗುತ್ತದೆ. ಅದಕ್ಕಾಗಿ ಕಾಸ್ಯಾನೊ ಹನ್ನೆರಡು ವರ್ಷದಿಂದ ಮೋಟಾರಿಗೆ ಸಿಕ್ಕಿಸಿದ ಕಾರ್ಬೈಡ್ ಬರ್ ಬಳಸುತ್ತಿದ್ದರು: ಮೆಣಸಿನ ಕಾಳಿನಷ್ಟು ಗುಂಡನೆಯ ತಲೆ, ಸುತ್ತಲೂ ಸಣ್ಣ ಹಲ್ಲು, ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು. ಎಳೆ ಯಾವ ಕಡೆಗಿದ್ದರೂ ಅದು ಮರವನ್ನು ಹುಡಿ ಮಾಡುತ್ತದೆ. ಎಲ್ಲಿ ನಿಲ್ಲಬೇಕೆಂದು ಹೇಳುವುದು ಹೊರಗಿನಿಂದ ರೆಪ್ಪೆಗೆ ಆನಿಸಿದ ಎಡ ಹೆಬ್ಬೆರಳು. ಮರ ತೆಳುವಾದಂತೆ ಬರ್‌ನ ಬಿಸಿ ಈಚೆಗೆ ಬರುತ್ತದೆ. ತಟ್ಟಿದ ಕೂಡಲೇ ನಿಲ್ಲಿಸಬೇಕು.

ಆ ದಿನ ಬಿಸಿ ತಟ್ಟಲಿಲ್ಲ. ಬರ್ ಮರ ದಾಟಿ ಚರ್ಮಕ್ಕೆ ಬಂದಿತ್ತು.

ಅವರು ಪರೀಕ್ಷೆ ಮಾಡಿ ನೋಡಿದರು. ಮೊದಲು ಕಾಫಿ ಲೋಟ, ಆಮೇಲೆ ಕರಗಿದ ಮೇಣ, ಕೊನೆಗೆ ಸೂಜಿ. ಬಲ ಹೆಬ್ಬೆರಳಿಗೆ ಅಷ್ಟಿಷ್ಟು ತಿಳಿಯಿತು. ಎಡದ್ದಕ್ಕೆ ಏನೂ ಇಲ್ಲ. ಬೆಳಗಿನ ಹೊತ್ತು ಬೆರಳು ಬಿಳಿಚಿಕೊಳ್ಳುವುದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದರು. ಮೋಟಾರಿನ ಹನ್ನೆರಡು ವರ್ಷದ ಅದುರಾಟ ನರಗಳನ್ನು ತಿಂದುಹಾಕಿತ್ತು.

ಮರುದಿನವೇ ಊರಿನ ಹಿರಿಯ ಹೆಂಗಸು ಆಲಿಂಗ್ ಕಿಂತಿನಾ ತಮ್ಮ ಮನೆತನದ ಸಂತ ಮಗ್ದಲೇನಾಳ ಮುಖವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಅವರ ಮುತ್ತಜ್ಜಿಯ ಕಾಲದ ವಿಗ್ರಹ. ಎಡಗಣ್ಣಿನ ಗಾಜು ಬಿರುಕು ಬಿಟ್ಟಿತ್ತು. ಸಿಕ್ಕ ಹೊಸ ಗಾಜು ಒಂದು ಮಿಲಿಮೀಟರ್ ದೊಡ್ಡದು; ರೆಪ್ಪೆಯ ಹಿಂದೆ ಇನ್ನಷ್ಟು ಕೊರೆಯಬೇಕು.

"ನೀವೇ ಇಡ್ಬೇಕು, ಬೇರೆಯವ್ರ ಕೈಗೆ ಕೊಡಲ್ಲ," ಎಂದರು. "ಆದ್ರೆ ಹೋದ ವರ್ಷ ಮಾಡಿದ ವೆರೋನಿಕಾ ವಿಗ್ರಹದ ಥರ ಮಾಡ್ಬೇಡಿ. ಅವ್ಳು ಥೇಟ್ ನಿಮ್ಮ ಹೆಂಡ್ತಿ ನೋಡ್ದಂಗೆ ನೋಡ್ತಾಳೆ. ನನ್ನೋಳು ಅಳೋಳು, ಬೈಯೋಳಲ್ಲ."

ಕಾಸ್ಯಾನೊ ನಕ್ಕರು. ನನ್ನಿಂದಾಗದು ಎನ್ನದೆ ಟವೆಲ್ ಬಿಚ್ಚಿ ಮುಖವನ್ನು ತೆಗೆದುಕೊಂಡರು. ನಮ್ಮ ಬೀದಿಗಳು ಕಿರಿದು. ಪವಿತ್ರ ವಾರದ ಮೆರವಣಿಗೆಯಲ್ಲಿ ವಿಗ್ರಹಗಳು ಕೈಗೆಟಕುವಷ್ಟು ಹತ್ತಿರ ಹಾದುಹೋಗುತ್ತವೆ. ತೂತಾದ ರೆಪ್ಪೆಯನ್ನು ಊರಿಡೀ ನೋಡುತ್ತದೆ.

ಮೂರು ದಿನ ಅವರು ಮುಖಕ್ಕೆ ಬರ್ ತಾಗಿಸಲಿಲ್ಲ. ದಪ್ಪ ಅಳೆಯುವ ಕ್ಯಾಲಿಪರ್ ರೆಪ್ಪೆಯ ತಿರುವಿನೊಳಗೆ ಹೋಗಲಿಲ್ಲ. ಬಿಸಿಲಿಗೆ ಹಿಡಿದರೆ ಹಳೆಯ ಬಣ್ಣದ ಪದರಗಳು ಬೆಳಕನ್ನು ಬಿಡಲಿಲ್ಲ.

ಮುಖಗಳಿಗೆ ಬಣ್ಣ ಬಳಿಯುವವಳು ಅವರ ಮಗಳು ಬೆನಿಲ್ಡಾ. "ಏನಪ್ಪಾ, ಮೂರು ದಿನದಿಂದ ಆ ಮೋಟಾರಿಗೆ ಎಣ್ಣೆ ಹಚ್ತಾನೇ ಇದೀರ. ಜಡೆ ಹಾಕೋದೊಂದು ಬಾಕಿ."

ಅವರು ಹೆಬ್ಬೆರಳು ತೋರಿಸಿ ಎಲ್ಲ ಹೇಳಿದರು.

ಅವಳು ಕುಂಚ ಕೆಳಗಿಟ್ಟಳು. "ಹಂಗಾದ್ರೆ ನನ್ ಬೆರಳು ಇಡ್ತೀನಿ."

"ಹುಚ್ಚಾ ನಿಂಗೆ? ದಾಟಿದ್ರೆ ಮೂಳೆಗೇ ಹೋಗತ್ತೆ."

"ಮತ್ತ್ ಯಾರ್ದು ಇಡೋದು? ಆಲಿಂಗ್ ಕಿಂತಿನಾದಾ?"

ಕೈಗವಸು ಹಾಕಿದರೆ ಬಿಸಿ ತಿಳಿಯುವುದಿಲ್ಲ. ಮೋಟಾರಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಬಿಸಿ ತಟ್ಟಿದರೆ ಅವಳು ಅವರ ಕಾಲು ತುಳಿಯಬೇಕೆಂದು ಗೊತ್ತುಮಾಡಿಕೊಂಡರು.

ಎರಡೆಣಿಸುವಷ್ಟು ಕೊರೆಯುವುದು, ಎತ್ತುವುದು. ಮತ್ತೆ ಎರಡು. ಹುಡಿ ಅವರ ಮೊಣಕೈಗೆ ಅಂಟುತ್ತಿತ್ತು. ಈ ಮರದ ಆಚೆಗೆ, ಎಷ್ಟು ದೂರವೆಂದು ಗೊತ್ತಿಲ್ಲದ ಜಾಗದಲ್ಲಿ, ಮಗಳ ಬೆರಳು. ಮೂರೇ ಕೂದಲಿನ ಕುಂಚದಿಂದ ಕಣ್ಣೀರು ಬರೆಯುವ ಬೆರಳು. ಪ್ರತಿ ಸಲ ಎತ್ತಿದಾಗಲೂ ಅವರು ಕೆಂಪನ್ನು ಹುಡುಕಿದರು.

ಕಾಲಿನ ಮೇಲೆ ಕಾಲು ಬಿತ್ತು. ಮೋಟಾರ್ ನಿಲ್ಲಿಸಿದರು.

"ಸುಡ್ತಾ?"

"ಇಲ್ಲ, ಬೆಚ್ಚಗೆ. ಬಾತು ಆಗ್ತಾನೆ ಇಟ್ಟ ಮೊಟ್ಟೆ ಥರ."

ಗಾಜು ಇಟ್ಟು ನೋಡಿದರು. ಕೂರಲಿಲ್ಲ. ಇನ್ನೂ ಕೂದಲೆಳೆಯಷ್ಟು ಮರ ಹೋಗಬೇಕಿತ್ತು.

"ಬೇಡ ಮಗಾ, ವಾಪಸ್ ಕೊಟ್ಬಿಡೋಣ."

"ಕೊರೀರಿ ಅಪ್ಪಾ. ನೀವ್ ಹೆದರಿದ್ರೆ ನಂಗೂ ಭಯ ಆಗತ್ತೆ."

ಈ ಸಲ ಒಂದೇ ಎಣಿಸಿದರು, ಎತ್ತಿದರು. ಮತ್ತೊಂದು. ಮತ್ತೊಂದು. ಅವಳ ಹಿಮ್ಮಡಿ ಪಾದವನ್ನು ಜಜ್ಜುವಂತೆ ತುಳಿಯಿತು. ಮೋಟಾರ್ ನಿಂತ ಮೇಲೂ ಅವರು ತಲೆ ಎತ್ತಲಿಲ್ಲ. ಅವಳೇ ಬೆರಳನ್ನು ಅವರ ಕಣ್ಣೆದುರು ಹಿಡಿದಳು. ಬಿಸಿಗೆ ಕೆಂಪಾದ ಒಂದು ಚುಕ್ಕೆ, ಅಷ್ಟೇ. ರೆಪ್ಪೆ ಇಡಿಯಾಗಿತ್ತು. ಗಾಜು ತನ್ನ ಜಾಗದಲ್ಲಿ ಕೂತಿತು.

"ಇನ್ಮೇಲೆ ಎಲ್ಲಾ ಕಣ್ಣಿಗೂ ನಾನೇ ಕೂತ್ಕೋತೀನಿ," ಎಂದಳು ಬೆನಿಲ್ಡಾ. ಕಾಸ್ಯಾನೊ ಬರ್ ಬಿಚ್ಚಿ ಡಬ್ಬಿಗೆ ಹಾಕಿದರು.

ಮರುದಿನ ಬೆಳಿಗ್ಗೆ ಗಾಜಿನ ಅಂಟು ಹಿಡಿದಿದೆಯೇ ಎಂದು ಅವರು ನೋಡಲಿಲ್ಲ. ತಮ್ಮ ಹೆಬ್ಬೆರಳನ್ನು ಪರೀಕ್ಷಿಸಿದ ಅದೇ ಲೋಟಕ್ಕೆ ಬಿಸಿ ಕಾಫಿ ಸುರಿದು ಮಗಳ ಮುಂದೆ ತಳ್ಳಿ ಕಾದರು. ಅವಳು ಹಿಡಿದವಳೇ ಬೆರಳು ಹಿಂದೆಗೆದಳು.

"ಸುಡ್ತಿದೆ."

"ಇನ್ನೊಂದ್ಸಲ ಮುಟ್ಟು," ಎಂದರು.